ಬಾಂಬ್ ಬೀಳುವ ಊರಲ್ಲಿ ಹಾಡು-ಕುಣಿತ ಯಾಕೆ?

ಸೂಡಾನಿನ ಅಂತರ್ಯುದ್ಧದ ಕುರಿತ ‘ಬೀಟ್ಸ್ ಆಫ್ ದಿ ಆಂಟೊನೊವ್’ (2014) ಸಾಕ್ಷ್ಯಚಿತ್ರ ನೋಡಿ, ಇವರಿಗೆ ಹಾಡಲು ಮನಸ್ಸಾದರೂ ಹೇಗೆ ಬರುತ್ತದೆ ಎಂದು ಕೇಳಿದ್ದೀರಿ.

ಹೊತ್ತು ಕಳೆಯುವ ಹಾಡಲ್ಲ ಅದು. ಸೂಡಾನಿನ ದಕ್ಷಿಣ ಅಂಚಿನ ನೂಬಾ ಬೆಟ್ಟ, ಬ್ಲೂ ನೈಲ್ ಕಡೆಯವರ ಮೇಲೆ ರಾಜಧಾನಿ ಖಾರ್ಟೂಮಿನ ಸರಕಾರ ಹಾಕಿದ್ದು ಬಾಂಬ್ ಮಾತ್ರವಲ್ಲ, ಅರಬ್ ಗುರುತನ್ನೂ ಹೇರಿತು. ತಮ್ಮ ನುಡಿಯಲ್ಲಿ ಹಾಡಿದರೆ ‘ನಾವಿನ್ನೂ ಇದ್ದೇವೆ’ ಎಂದ ಹಾಗೆ. ನಿರ್ದೇಶಕ ಹಜೂಜ್ ಕೂಕಾ ತೋರಿಸುವ ರಬಾಬಾ ಎಂಬ ತಂತಿವಾದ್ಯ ನೋಡಿ, ಕೈಗೆ ಸಿಕ್ಕ ಸಾಮಾನಿನಿಂದ ಕಟ್ಟಿದ್ದು. ಬಾಂಬ್ ಹಾಕುವ ಆಂಟೊನೊವ್ ವಿಮಾನದ ಸದ್ದಾದರೆ ಗುಂಡಿಗೆ ಹಾರುತ್ತಾರೆ, ದಾಟಿ ಹೋದದ್ದೇ ಎದ್ದು ನಗುತ್ತಾರೆ. ನನ್ನನ್ನು ಕಾಡಿದ್ದು ಆ ನಗು.

ನಾನು ಕಾಸರಗೋಡಿನವ. ನಮಗೆ ಯುದ್ಧವಿಲ್ಲ, ಪುಣ್ಯ. ಆದರೂ 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ, ಕುಂಬಳೆ ಕಡೆ ಬಯಲಾಟದ ಚೆಂಡೆ ಕೇಳಿದರೆ ಶಾಲೆಯಲ್ಲಿ ಮಲಯಾಳ ಕಲಿತ ಮಕ್ಕಳೂ ಭಾಗವತರ ಕನ್ನಡಕ್ಕೆ ಕಿವಿಗೊಟ್ಟು ಕೂರುತ್ತಾರೆ.