ಗಾಡಿ ಪ್ರಶ್ನೋತ್ತರ: ಹಿಂದಿನ ವೀಲ್ ಅಲ್ಲಾಡಿದರೆ

ಪ್ರಶ್ನೆ: ಏಳು ವರ್ಷದ 125 ಸಿಸಿ ಬೈಕು. ಸ್ಪೋಕ್ ವೀಲ್, ಟ್ಯೂಬ್ ಟೈರ್. ಹೋದ ತಿಂಗಳು ಹಿಂದಿನ ಟೈರ್ ಹೊಸದು ಹಾಕಿಸಿದೆ. ಈಗ ವೇಗ 40 ದಾಟಿದರೆ ಸೀಟನ್ನು ಯಾರೋ ಅತ್ತಿತ್ತ ತಳ್ಳಿದ ಹಾಗಾಗುತ್ತದೆ. ಮೆಕ್ಯಾನಿಕ್ ‘ಬೇರಿಂಗ್ ಹೋಗಿದೆ, ಎರಡೂ ಬದಲಾಯಿಸಿ’ ಎನ್ನುತ್ತಾರೆ. ಏನು ಮಾಡಲಿ? (ತುಮಕೂರಿನ ಓದುಗರು)

ಉತ್ತರ: ತಡೆಯಿರಿ. ಟೈರ್ ಹಾಕಿಸಿದ ಮೇಲೆ ಶುರುವಾದ ತೊಂದರೆಗೆ ಮೊದಲು ಟೈರನ್ನೇ ನೋಡಬೇಕು. ಅದಕ್ಕೆ ವೀಲ್ ಬಿಚ್ಚುವ ಅಗತ್ಯವೂ ಇಲ್ಲ.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ಗೆ ತನ್ನಿ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ಗೆ ಒಂದು ಪೆನ್ಸಿಲನ್ನು ರಬ್ಬರ್ ಬ್ಯಾಂಡ್‌ನಿಂದ ಬಿಗಿದು, ಅದರ ತುದಿ ರಿಮ್ಮಿನ ಅಂಚಿನಿಂದ 2–3 ಮಿ.ಮೀ. ದೂರದಲ್ಲಿರುವಂತೆ ಮಾಡಿ. ಎಂಜಿನ್ ಆಫ್ ಇರಲಿ. ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ, ಬೆರಳು ಚೈನಿನ ಹತ್ತಿರ ಬಾರದಿರಲಿ. ಕಣ್ಣು ರಿಮ್ಮಿನ ಮೇಲಿರಲಿ, ಟೈರಿನ ಮೇಲಲ್ಲ. ಪೆನ್ಸಿಲ್ ತುದಿಗೂ ರಿಮ್ಮಿಗೂ ನಡುವಿನ ಸಂದು ಒಂದೇ ಸಮನಾಗಿದ್ದು ಟೈರ್ ಮಾತ್ರ ಹೊಯ್ದಾಡಿದರೆ ತಪ್ಪು ಟೈರ್ ಕೂರಿಸಿದ್ದರಲ್ಲಿದೆ. ಟೈರಿನ ಪಕ್ಕೆಯಲ್ಲಿ, ರಿಮ್ಮಿಗೆ ತಾಗಿದಂತೆ ಸುತ್ತಲೂ ಒಂದು ತೆಳು ಗೆರೆ ಇರುತ್ತದೆ. ಅದು ಎರಡೂ ಪಕ್ಕದಲ್ಲಿ, ಇಡೀ ಸುತ್ತು ರಿಮ್ಮಿನಿಂದ ಒಂದೇ ದೂರದಲ್ಲಿರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಅಲ್ಲಿ ಟೈರಿನ ಅಂಚು ಕೂತಿಲ್ಲ. ಗಾಳಿ ಪೂರ್ತಿ ಬಿಡಿಸಿ, ಅಂಚಿಗೆ ಸುತ್ತಲೂ ಸೋಪಿನ ನೀರು ಸವರಿ, ಮತ್ತೆ ಗಾಳಿ ತುಂಬಿಸಿ. ಅಂಚು ‘ಟಪ್’ ಎಂದು ಕೂರುತ್ತದೆ. ಟೈರಿನ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡವನ್ನು ಮಾತ್ರ ದಾಟಬೇಡಿ. ಆಮೇಲೆ ಮಾಮೂಲಿ ಒತ್ತಡಕ್ಕೆ ಇಳಿಸಿ. ವಾಲ್ವ್ ಓರೆಯಾಗಿ ನಿಂತಿದ್ದರೆ ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನು ಎಳೆಯುತ್ತಿದೆ ಎಂದರ್ಥ. ಅದನ್ನೂ ನೇರ ಮಾಡಿಸಿ.

ರಿಮ್ಮೇ ಆಡಿದರೆ ಅಳತೆ ನೋಡಿ. ಅಡ್ಡಡ್ಡ ಆಗಲಿ, ಮೇಲೆ ಕೆಳಗೆ ಆಗಲಿ, 2 ಮಿ.ಮೀ. ಎಂಬುದು ಹೆಚ್ಚಿನ ಕಂಪನಿಗಳ ಮ್ಯಾನುಯಲ್‌ಗಳು ಕೊಡುವ ಕೊನೆಯ ಮಿತಿ. ಟೈರ್ ಬಿಚ್ಚುವಾಗ ಲಿವರ್ ಜೋರಾಗಿ ಹಾಕಿದರೆ ಅಂಚು ಬಾಗುವುದುಂಟು, ಆದರೆ ಸಡಿಲ ಸ್ಪೋಕೇ ಹೆಚ್ಚು. ಸ್ಪ್ಯಾನರ್‌ನಿಂದ ಒಂದೊಂದೇ ಸ್ಪೋಕ್ ತಟ್ಟುತ್ತ ಬನ್ನಿ. ಬಿಗಿಯಾದದ್ದು ‘ಟಿಂಗ್’ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ‘ಟಕ್’ ಎನ್ನುತ್ತದೆ. ರಿಮ್ ಎಡಕ್ಕೆ ಹೋದ ಜಾಗದಲ್ಲಿ ಹಬ್ಬಿನ (ಚಕ್ರದ ನಡುವಿನ ಭಾಗದ) ಬಲಬದಿಯಿಂದ ಬರುವ ಸ್ಪೋಕ್ ಕಾಲು ಸುತ್ತು ಬಿಗಿ, ಎಡಬದಿಯದು ಕಾಲು ಸುತ್ತು ಸಡಿಲ. ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು. ಒಂದೇ ಸ್ಪೋಕನ್ನು ಎರಡು ಮೂರು ಸುತ್ತು ಬಿಗಿದರೆ ಅದರ ತುದಿ ನಿಪ್ಪಲ್‌ನಿಂದ (ರಿಮ್ಮಿನಲ್ಲಿ ಸ್ಪೋಕ್ ಹಿಡಿಯುವ ಸಣ್ಣ ನಟ್‌ನಿಂದ) ಹೊರಬಂದು ಟ್ಯೂಬಿಗೆ ಚುಚ್ಚುತ್ತದೆ. ಅಷ್ಟು ಬೇಕಾಗಿದ್ದರೆ ಟೈರ್ ಬಿಚ್ಚಿ, ತುದಿಯನ್ನು ಅರದಿಂದ ಉಜ್ಜಿ, ಟ್ಯೂಬಿಗೆ ಸ್ಪೋಕ್ ತಾಗದಂತೆ ಕಾಯುವ ರಿಮ್ ಪಟ್ಟಿ ಸರಿಯಾಗಿದೆಯೇ ನೋಡಿ.

ಬೇರಿಂಗ್ ಪರೀಕ್ಷೆ ಇದೆಲ್ಲ ಆದ ಮೇಲೆ. ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಡ್ಡಕ್ಕೆ ತಳ್ಳಿ ಎಳೆಯಿರಿ. ಹಬ್ಬಿನಲ್ಲಿ ‘ಟಕ್ ಟಕ್’ ಎಂಬ ಪ್ಲೇ (ಸಡಿಲದ ಅಲುಗಾಟ) ಕೈಗೆ ಸಿಕ್ಕರೆ ಮೆಕ್ಯಾನಿಕ್ ಹೇಳಿದ್ದು ಸರಿ. ಇಲ್ಲದಿದ್ದರೆ ಬೇರಿಂಗ್ ದುಡ್ಡು ಉಳಿಯಿತು.

‘ಆಕ್ಸಲ್ ಬೆಂಡ್, ಅದಕ್ಕೇ ವೀಲ್ ಔಟ್’ ಎಂಬ ಮಾತನ್ನೂ ಕೇಳಿರುತ್ತೀರಿ. ಆಕ್ಸಲ್, ಅಂದರೆ ಚಕ್ರದ ನಡುವೆ ಹಾಯುವ ದಂಡ, ತಿರುಗುವುದಿಲ್ಲ. ಅದು ಬಾಗಿದರೆ ಚಕ್ರ ಓರೆಯಾಗಿ ನಿಲ್ಲುತ್ತದೆಯೇ ಹೊರತು ಸುತ್ತಿಗೊಮ್ಮೆ ಅತ್ತಿತ್ತ ಹೊಯ್ದಾಡುವುದಿಲ್ಲ.

ಪ್ರಶ್ನೆ: ಆರು ತಿಂಗಳಲ್ಲಿ ಎರಡು ಸಲ ಹಿಂದಿನ ವೀಲ್ ಬೇರಿಂಗ್ ಹಾಕಿಸಿದೆ. ಮತ್ತೆ ಪ್ಲೇ ಬಂದಿದೆ. ಕಳಪೆ ಬೇರಿಂಗೇ? (ಹಾವೇರಿಯ ಓದುಗರು)

ಉತ್ತರ: ಒಂದು ಸಲವಾದರೆ ಬೇರಿಂಗ್ ಮೇಲೆ ಹಾಕಬಹುದು. ಎರಡು ಸಲ ಎಂದರೆ ಡಿಸ್ಟನ್ಸ್ ಕಾಲರ್ ಹುಡುಕಿ. ಎರಡು ಬೇರಿಂಗ್‌ಗಳ ನಡುವೆ ಹಬ್ಬಿನೊಳಗೆ ಕೂರುವ ಕೊಳವೆ ಅದು. ಆಕ್ಸಲ್ ನಟ್ ಬಿಗಿದಾಗ ಆ ಒತ್ತಡ ಬೇರಿಂಗ್‌ನ ಒಳ ಬಳೆಯಿಂದ ಕಾಲರ್‌ಗೆ, ಅಲ್ಲಿಂದ ಆಚೆ ಬೇರಿಂಗ್‌ನ ಒಳ ಬಳೆಗೆ ಹೋಗಬೇಕು. ಕಾಲರ್ ಬಿಟ್ಟುಹೋಗಿದ್ದರೆ, ಅಥವಾ ಲೇತ್‌ನಲ್ಲಿ ಮಾಡಿಸಿದ್ದು ಅರ್ಧ ಮಿ.ಮೀ. ಗಿಡ್ಡವಾಗಿದ್ದರೆ, ಎರಡೂ ಒಳ ಬಳೆಗಳು ಒಳಕ್ಕೆ ಎಳೆಯಲ್ಪಟ್ಟು ಗುಂಡುಗಳ ಮೇಲೆ ಅಡ್ಡ ಒತ್ತಡ ಬೀಳುತ್ತದೆ. ಬೇರಿಂಗ್ ಬಿಸಿಯಾಗಿ ಬೇಗ ಸಾಯುತ್ತದೆ. ಪತ್ತೆ ಸುಲಭ: ಚೈನ್ ಕಳಚಿ, ಬ್ರೇಕ್ ಸಡಿಲಿಸಿ ಚಕ್ರ ತಿರುಗಿಸಿ. ಆಕ್ಸಲ್ ನಟ್ ಪೂರ್ತಿ ಬಿಗಿದಾಗ ಚಕ್ರ ಬಿಗಿಹಿಡಿದು, ಸಡಿಲಿಸಿದ ಕೂಡಲೇ ಹಗುರಾದರೆ ಕಾಲರ್‌ದೇ ತಪ್ಪು. ಕಂಪನಿಯ ಕಾಲರ್‌ನ್ನೇ ತನ್ನಿ.

ಹಾಕುವ ಕ್ರಮದಲ್ಲೂ ಬೇರಿಂಗ್ ಕೊಲ್ಲಬಹುದು. ಹೊರ ಬಳೆಯ ಅಳತೆಯ ಸಾಕೆಟ್ ಇಟ್ಟು ಹೊಡೆಯಬೇಕು. ಒಳ ಬಳೆಗೆ ಪಂಚ್ ಇಟ್ಟು ಹೊಡೆದರೆ ಗುಂಡುಗಳ ದಾರಿಯಲ್ಲಿ ಗುಳಿ ಬೀಳುತ್ತದೆ. ಮೊದಲು ಮ್ಯಾನುಯಲ್ ಹೇಳಿದ ಬದಿಯದನ್ನು ತಳದವರೆಗೆ ಕೂರಿಸಿ, ಕಾಲರ್ ಹಾಕಿ, ಎರಡನೆಯದನ್ನು ಕಾಲರ್‌ಗೆ ತಾಗುವವರೆಗೆ ಮಾತ್ರ ಇಳಿಸಿ. ಹೊಸ ಬೇರಿಂಗ್ ಬೆರಳಿನಿಂದ ಒತ್ತಿದರೇ ಒಳಗೆ ಹೋದರೆ ಹಬ್ಬಿನಲ್ಲಿ ಬೇರಿಂಗ್ ಕೂರುವ ಸೀಟೇ ಸವೆದಿದೆ. ಸೀಟಿಗೆ ಸುತ್ತಲೂ ಪಂಚ್ ಗುರುತು ಹೊಡೆದು ಬಿಗಿ ಮಾಡುವುದು ಮನೆ ತಲುಪಲು ಸರಿ, ವರ್ಷ ಓಡಿಸಲು ಅಲ್ಲ. ಸ್ಲೀವ್ (ತೆಳು ಲೋಹದ ಬಳೆ) ಹಾಕಿಸಬೇಕು, ಇಲ್ಲವೇ ಹಬ್ ಬದಲಿಸಬೇಕು.

ಕೊಳ್ಳುವಾಗ ನಂಬರ್ ನೋಡಿ. 6301 ಎಂದರೆ ಒಳ ವ್ಯಾಸ 12 ಮಿ.ಮೀ., 6302 ಎಂದರೆ 15, 6203 ಎಂದರೆ 17. ಕೊನೆಗೆ 2ಆರ್‌ಎಸ್ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್. ಹಾಗೆಯೇ, ಕೆಲವು ಬೈಕ್‌ಗಳಲ್ಲಿ ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲುಚಕ್ರ) ಕೂರುವ ಡ್ರಮ್ಮಿಗೆ ಮೂರನೆಯ ಬೇರಿಂಗ್ ಒಂದಿರುತ್ತದೆ. ಎರಡು ಬದಲಾಯಿಸಿ ಇದನ್ನು ಹಳೆಯದೇ ಬಿಡುವವರು ಬಹಳ.

ಪ್ರಶ್ನೆ: ತಿರುವಿನಲ್ಲಿ ಮಾತ್ರ ಹಿಂಭಾಗ ಬಾಲ ಅಲ್ಲಾಡಿಸಿದಂತಾಗುತ್ತದೆ. ರಿಮ್, ಬೇರಿಂಗ್ ಎರಡೂ ಸರಿಯಿವೆ. (ಸಾಗರದ ಓದುಗರು)

ಉತ್ತರ: ಮಳೆ ಸೀಮೆಯಲ್ಲಿ ಮೊದಲ ಅನುಮಾನ ಸ್ವಿಂಗ್ ಆರ್ಮ್‌ನ ಕೀಲಿನಲ್ಲಿ ಕೂರುವ ಬುಷ್ ಮೇಲೆ. ಡಬಲ್ ಸ್ಟ್ಯಾಂಡ್‌ನಲ್ಲಿ ಸ್ವಿಂಗ್ ಆರ್ಮ್‌ನ ಹಿಂದಿನ ತುದಿ ಹಿಡಿದು ಅಡ್ಡಕ್ಕೆ ಜಗ್ಗಿ. ಇನ್ನೊಬ್ಬರು ಆರ್ಮನ್ನು ಫ್ರೇಮಿಗೆ ಹಿಡಿದಿಡುವ ಪಿವಟ್ ಬೋಲ್ಟ್ ಬಳಿ ಬೆರಳಿಟ್ಟಿರಲಿ. ಚಕ್ರ ಮತ್ತು ಆರ್ಮ್ ಒಟ್ಟಿಗೇ ಫ್ರೇಮಿನಿಂದ ಆಡಿದರೆ ಬುಷ್ ಹೋಗಿದೆ. ಅನೇಕ ಕಮ್ಯೂಟರ್ ಬೈಕ್‌ಗಳಲ್ಲಿ ಇದು ಲೋಹಕ್ಕೆ ಅಂಟಿಸಿದ ರಬ್ಬರ್ ಬುಷ್. ಗ್ರೀಸ್ ಹಾಕಿ ಪ್ರಯೋಜನವಿಲ್ಲ, ಹೊಸದೇ ಬೇಕು. ಹಾಕಿದ ಮೇಲೆ ಪಿವಟ್ ಬೋಲ್ಟನ್ನು ಕೊನೆಯ ಬಿಗಿ ಕೊಡುವುದು ಗಾಡಿ ಎರಡೂ ಚಕ್ರದ ಮೇಲೆ ನಿಂತಾಗ. ಚಕ್ರ ಜೋತುಬಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಪ್ರಶ್ನೆ: ಗುಂಡಿಗೆ ಬಿದ್ದು ಅಲಾಯ್ ವೀಲ್ ಬೆಂಡ್ ಆಗಿದೆ. ಬಿಸಿ ಮಾಡಿ ನೇರ ಮಾಡಿಸಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಬೇಡ. ಬಿಸಿ ಮಾಡಿದರೆ ಅಲಾಯ್‌ನ ಗಟ್ಟಿತನ ಹೋಗುತ್ತದೆ, ತಣ್ಣಗೆ ಬಾಗಿಸಿದರೆ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ. ಹೊಸ ವೀಲ್ ಹಾಕಿಸಿ.

ಪ್ರಶ್ನೆ: ಚೈನ್ ಬಿಗಿ ಮಾಡಿಸಿದಾಗಿನಿಂದ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎರಡೂ ಬದಿಯ ಗುರುತು ಸರಿಯಾಗಿಯೇ ಇದೆ. (ಗದಗಿನ ಓದುಗರು)

ಉತ್ತರ: ಚೈನ್ ಬಿಗಿಮಾಡುವ ಅಡ್ಜಸ್ಟರ್ ಗುರುತನ್ನು ಪೂರ್ತಿ ನಂಬಬೇಡಿ. ಪಿವಟ್ ಬೋಲ್ಟ್ ಮಧ್ಯದಿಂದ ಆಕ್ಸಲ್ ಮಧ್ಯಕ್ಕೆ ಎರಡೂ ಬದಿ ದಾರ ಹಿಡಿದು ಅಳೆಯಿರಿ. ಎರಡು ಅಳತೆ ಒಂದೇ ಆಗಬೇಕು. ಡ್ರಮ್ ಬ್ರೇಕ್ ಆದರೆ ಆಕ್ಸಲ್ ನಟ್ ಬಿಗಿಯುವಾಗ ಪೆಡಲ್ ಒತ್ತಿಹಿಡಿಯಿರಿ, ಬ್ರೇಕ್ ಪ್ಲೇಟ್ ಮಧ್ಯಕ್ಕೆ ಕೂರುತ್ತದೆ. ಬ್ರೇಕ್ ಪ್ಲೇಟನ್ನು ಸ್ವಿಂಗ್ ಆರ್ಮ್‌ಗೆ ಹಿಡಿದಿಡುವ ಟಾರ್ಕ್ ರಾಡ್‌ನ ನಟ್ಟನ್ನೂ ಅದರ ಸ್ಪ್ಲಿಟ್ ಪಿನ್ನನ್ನೂ ನೋಡದೆ ಗಾಡಿ ಹೊರಗೆ ತೆಗೆಯಬೇಡಿ. ಆ ನಟ್ ಬಿದ್ದರೆ ಬ್ರೇಕ್ ಒತ್ತಿದಾಗ ಪ್ಲೇಟ್ ಸಮೇತ ಸುತ್ತಿಕೊಂಡು ಚಕ್ರ ಲಾಕ್ ಆಗುತ್ತದೆ.