ಡಗ್ಗಾದ ಸದ್ದು, ಬಾಗಿಲ ಕೆಳಗಿನ ಸಂದು

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಎರಡನೇ ಮಹಡಿಯ ಫ್ಲ್ಯಾಟ್. ಮಗಳು ಹಿಂದೂಸ್ತಾನಿ ಹಾಡುತ್ತಾಳೆ, ಮಗ ತಬಲಾ ಕಲಿಯುತ್ತಿದ್ದಾನೆ. ಒಂದು ಬೆಡ್‌ರೂಮನ್ನು ರಿಯಾಜ್‌ಗೆ ಅಂತಲೇ ಬಿಟ್ಟಿದ್ದೇವೆ. ಪಕ್ಕದ ಮನೆಯವರು ಎರಡು ಸಲ ಬಂದು ಹೇಳಿ ಹೋದರು, ಕೆಳಗಿನವರು ಲೆಕ್ಕವಿಲ್ಲದಷ್ಟು ಸಲ. ಗೋಡೆಗೆಲ್ಲ ಫೋಮ್ ಅಂಟಿಸಿ ಅಂತ ಅಂಗಡಿಯವರು ಹೇಳುತ್ತಾರೆ. ನಮ್ಮ ಹತ್ತಿರ ಇರುವುದು 25,000 ರೂಪಾಯಿ. ಸಾಕಾಗುತ್ತದಾ?

ಉತ್ತರ: ಫೋಮ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ನಾನು ಹಾಕಿ ಕೆಟ್ಟವನು. ಮುಲುಂಡ್‌ನಲ್ಲಿ ಬಾಡಿಗೆಗಿದ್ದಾಗ ಹಾರ್ಮೋನಿಯಂ ಹುಚ್ಚಿಗೆ ಒಂದಿಡೀ ಗೋಡೆಗೆ ಕಪ್ಪು ಫೋಮ್ ಅಂಟಿಸಿದ್ದೆ. ನೋಡೋಕೆ ಥೇಟ್ ಸ್ಟುಡಿಯೋ. ಮಾರನೇ ದಿನ ಲಿಫ್ಟ್‌ನಲ್ಲಿ ಸಿಕ್ಕ ಪಕ್ಕದ ಮನೆ ಆಜಿ, ನಿನ್ನೆ ನೀನು ನುಡಿಸಿದ ಭೂಪ್ ರಾಗ ಚೆನ್ನಾಗಿತ್ತಪ್ಪಾ, ಆದರೆ ಸ್ವಲ್ಪ ಬೇಗ ಮುಗಿಸು ಅಂತ ಮರಾಠಿಯಲ್ಲಿ ಅಂದರು! ಮನೆ ಖಾಲಿ ಮಾಡುವಾಗ ಫೋಮ್ ಜೊತೆ ಗೋಡೆಯ ಬಣ್ಣವೂ ಕಿತ್ತು ಬಂತು, ಡಿಪಾಸಿಟ್‌ನಲ್ಲಿ ಅದಕ್ಕೂ ಕತ್ತರಿ.

ಫೋಮ್ ಮಾಡುವ ಕೆಲಸ ಬೇರೆ. ಕೋಣೆಯ ಒಳಗಿನ ಗುಂಯ್‌ಗುಡುವಿಕೆ ಕಡಿಮೆ ಮಾಡುತ್ತದೆ, ಅಷ್ಟೇ. ಹೊರಗೆ ಹೋಗುವ ಸದ್ದನ್ನು ತಡೆಯೋಕೆ ತೂಕ ಬೇಕು, ಗಾಳಿಯೂ ನುಸುಳದ ಹಾಗೆ ಮುಚ್ಚಬೇಕು. ಕೆಲವರು ಗೋಡೆಗೆ ಅಂಟಿಸುವ ಮೊಟ್ಟೆ ಟ್ರೇಗೂ ಇವೆರಡೂ ಇಲ್ಲ, ಅದನ್ನು ಅಂಗಡಿಗೇ ವಾಪಸ್ ಕೊಡಿ. ಅಗ್ಗದ ಫೋಮ್‌ಗೆ ಬೆಂಕಿ ತಗುಲಿದರೆ ಕ್ಷಣದಲ್ಲಿ ಹಬ್ಬುತ್ತದೆ, ಹೊಗೆ ವಿಷ. ಮಕ್ಕಳು ಬಾಗಿಲು ಹಾಕಿಕೊಂಡು ಕೂರುವ ಕೋಣೆಗೆ ಅದು ಬೇಡವೇ ಬೇಡ.

ನಿಮ್ಮ ಗೋಡೆ ಇಟ್ಟಿಗೆಯದ್ದಾದರೆ ಅದರ ತಪ್ಪೇನೂ ಇಲ್ಲ. ಗೋಡೆಯ ತೂಕ ದುಪ್ಪಟ್ಟು ಮಾಡಿದರೂ ಹೆಚ್ಚಾಗಿ ತಡೆಯುವುದು 5-6 ಡೆಸಿಬೆಲ್. ಸದ್ದು ಅರ್ಧ ಆಯಿತು ಅಂತ ಕಿವಿಗೆ ಅನಿಸೋಕೆ ಸುಮಾರು 10 ಬೇಕು. ಹಾಗಾಗಿ ಗೋಡೆಯನ್ನು ಅದರ ಪಾಡಿಗೆ ಬಿಡಿ, ಬಾಗಿಲ ಹತ್ತಿರ ಬನ್ನಿ.

ಮೂರು ಅಡಿ ಅಗಲದ ಬಾಗಿಲು, ಕೆಳಗೆ ಅರ್ಧ ಇಂಚು ಸಂದು ಅಂತ ಇಟ್ಟುಕೊಳ್ಳಿ. 18 ಚದರ ಇಂಚು ಆಯಿತು. ಹೆಚ್ಚುಕಡಿಮೆ ಒಂದು ಪೋಸ್ಟ್‌ಕಾರ್ಡಿನಷ್ಟು ತೂತು. ಅಷ್ಟು ತೂತಿರುವಾಗ ನೀವು ತೇಗದ ಬಾಗಿಲೇ ಹಾಕಿಸಿದರೂ ಅದು 22 ಡೆಸಿಬೆಲ್‌ಗಿಂತ ಜಾಸ್ತಿ ತಡೆಯುವುದಿಲ್ಲ, ಲೆಕ್ಕವೇ ಹಾಗೆ. ರಾತ್ರಿ ಕೋಣೆಯ ದೀಪ ಆರಿಸಿ ಒಳಗೆ ನಿಂತುಕೊಳ್ಳಿ, ಹೊರಗಿನಿಂದ ಮಗ ಬಾಗಿಲ ಸುತ್ತ ಟಾರ್ಚ್ ಹಿಡಿಯಲಿ. ಬೆಳಕು ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಸದ್ದಿಗೆ ದಾರಿ ಇದೆ. ಚೌಕಟ್ಟಿನ ಮೂರು ಕಡೆ ಅಂಟಿಸುವ ರಬ್ಬರ್ ಪಟ್ಟಿ ಹಾಕಿ, ಕೆಳಗೆ ಹೊಸ್ತಿಲು ಇಲ್ಲದಿದ್ದರೆ ಒಂದು ಪಟ್ಟಿ ಕೂರಿಸಿ ಅದಕ್ಕೆ ಬಾಗಿಲು ಒತ್ತಿಕೊಂಡು ಮುಚ್ಚುವ ಹಾಗೆ ಮಾಡಿಸಿ. ಬಾಗಿಲನ್ನು ಬೆರಳಿಂದ ತಟ್ಟಿ ನೋಡಿ. ಟೊಳ್ಳು ಅನಿಸಿದರೆ ಒಳಮೈಗೆ ದಪ್ಪ ಪ್ಲೈವುಡ್ ಹೊಡೆಸಿ, ತೂಕ ತಡೆಯೋಕೆ ಕೀಲು ಇನ್ನೊಂದು ಜಾಸ್ತಿ ಇರಲಿ. ಎಸಿ ಪೈಪಿನ ತೂತು, ಪಕ್ಕದ ಮನೆ ಕಡೆಯ ಗೋಡೆಯ ಸ್ವಿಚ್ ಬೋರ್ಡ್ ಸುತ್ತಲಿನ ಬಿರುಕು, ಇವನ್ನೂ ಸಿಲಿಕಾನ್ ಹಾಕಿ ಮುಚ್ಚಿ.

ಆಮೇಲೆ ಕಿಟಕಿ. ನಮ್ಮ ಕಡೆಯ ಸ್ಲೈಡಿಂಗ್ ಕಿಟಕಿಗಳು ಎಷ್ಟು ಎಳೆದರೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಮಳೆಗಾಲದಲ್ಲಿ ನಿಮಗೇ ಗೊತ್ತಾಗಿರುತ್ತದೆ. ಗಾಜು ಬದಲಾಯಿಸೋಕೆ ಹೋದರೆ ದುಡ್ಡು ಅಲ್ಲೇ ಮುಗಿಯುತ್ತದೆ. ಬಡಗಿಗೆ ಹೇಳಿ ಕಿಟಕಿಯ ಗೂಡಿಗೆ ಸರಿಯಾಗಿ ಕೂರುವ ಪ್ಲೈವುಡ್ ಹಲಗೆ ಮಾಡಿಸಿ, 19 ಮಿಲಿಮೀಟರ್ ದಪ್ಪದ್ದು, ಅಂಚಿಗೆಲ್ಲ ಮೆತ್ತನೆ ರಬ್ಬರ್, ಹಿಡಿಯೋಕೆ ಹಿಡಿಕೆ. ರಿಯಾಜ್ ಹೊತ್ತಿಗೆ ಒತ್ತಿ ಕೂರಿಸಿ, ಮುಗಿದ ಮೇಲೆ ತೆಗೆದು ಮಂಚದ ಹಿಂದೆ ಇಡಿ. ನಾಲ್ಕಡಿ-ನಾಲ್ಕಡಿ ಕಿಟಕಿಗಾದರೆ ಹಲಗೆ 18 ಕಿಲೋ ಹತ್ತಿರ ತೂಗುತ್ತದೆ, ಆದ್ದರಿಂದ ಎರಡು ಪಾಲು ಮಾಡಿಸಿ, ಇಲ್ಲದಿದ್ದರೆ ಮಗಳು ಒಬ್ಬಳೇ ಎತ್ತೋಕಾಗದೆ ಮೂರನೇ ದಿನಕ್ಕೇ ಹಾಗೇ ಬಿಟ್ಟುಬಿಡುತ್ತಾಳೆ. ಗಾಜಿಗೂ ಹಲಗೆಗೂ ನಡುವೆ ನಾಲ್ಕೈದು ಇಂಚು ಬಿಟ್ಟರೆ ಇನ್ನೂ ಒಳ್ಳೆಯದು. ಸೆಕೆ ಆಗುತ್ತದೆ, ಅದಕ್ಕೆ ಉಪಾಯ ಇಲ್ಲ. ಮುಕ್ಕಾಲು ಗಂಟೆಗೊಮ್ಮೆ ಎಲ್ಲ ತೆಗೆದು ಗಾಳಿ ಆಡಿಸಿ.

ಇನ್ನು ಕೆಳಗಿನ ಮನೆಯವರು. ಅವರಿಗೆ ಕೇಳುವುದು ಮಗಳ ಹಾಡು ಅಲ್ಲ, ಡಗ್ಗಾದ ಗುಮ್ಮು, ಅಂದರೆ ತಬಲಾ ಜೋಡಿಯ ದೊಡ್ಡದರ ಸದ್ದು. ಅದು ಗಾಳಿಯಲ್ಲಷ್ಟೇ ಅಲ್ಲ, ನೆಲ ಹಿಡಿದು ನೇರ ಸ್ಲ್ಯಾಬಿಗೆ ಇಳಿಯುತ್ತದೆ. ಮಗ ಕೂರುವ ಜಾಗಕ್ಕೆ ಜಿಮ್‌ನಲ್ಲಿ ಹಾಸುವ ದಪ್ಪ ರಬ್ಬರ್ ಮ್ಯಾಟ್ ಎರಡು ಪದರ, ಮೇಲೆ ಪ್ಲೈವುಡ್, ಅದರ ಮೇಲೆ ಜಮಖಾನ. ಹಲಗೆ ಎಲ್ಲೂ ಗೋಡೆಗೆ ತಾಗಬಾರದು. ತಬಲಾದ ಕೆಳಗಿಡುವ ಬಟ್ಟೆಯ ಸಿಂಬಿ ದಪ್ಪಗಿರಲಿ.

ಇಷ್ಟು ಮಾಡಿಸಿ, ಆಮೇಲೆ ಕೆಳಗಿನ ಮನೆಗೆ ನೀವೇ ಹೋಗಿ ಕೂತು, ಮೇಲೆ ಮಗ ನುಡಿಸುವಾಗ ಕೇಳಿ. ಪೂರ್ತಿ ನಿಲ್ಲುವುದಿಲ್ಲ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ ನಾನು. ಆದರೆ ಟಿವಿ ಹಾಕಿದರೆ ಕೇಳದಷ್ಟು ಆದರೆ ಜಗಳ ನಿಲ್ಲುತ್ತದೆ, ಅಲ್ವಾ? 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಆದರೆ ಆರೂ ಕಾಲಿಗೆ ಕಾಯ್ದಾ ಓದಬೇಡಿ, ಕೆಳಗಿನವರ ಮಗುವಿನ ನಿದ್ದೆಯ ಹೊತ್ತು ಕೇಳಿಕೊಂಡು ಬನ್ನಿ.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ನೆರೆಹೊರೆಯ ತಕರಾರಿಲ್ಲ, ಆದರೆ ಕೋಣೆಯಲ್ಲಿ ಹಾಡಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರೆ ಬಾವಿಯೊಳಗಿಂದ ಹಾಡಿದ ಹಾಗಿರುತ್ತದೆ.

ಉತ್ತರ: ನಿಮಗೆ ಬೇಕಾದದ್ದು ಡೊಂಬಿವಲಿಯವರಿಗೆ ನಾನು ಬೇಡ ಅಂದ ಕೆಲಸವೇ, ಒಳಗಿನ ಮಾರ್ದನಿ ಹೀರುವುದು. ಅದಕ್ಕೂ ಫೋಮ್ ಬೇಕಿಲ್ಲ. ಊರಿಂದ ಅಜ್ಜಿ ಹೊಲಿದ ಕೌದಿ ಇದ್ದರೆ ಎದುರುಬದುರು ಇರುವ ಎರಡು ಗೋಡೆಗಳಲ್ಲಿ ಒಂದಕ್ಕೆ ತೂಗುಹಾಕಿ, ಗೋಡೆಯಿಂದ ಮೂರು-ನಾಲ್ಕು ಇಂಚು ದೂರ ಇರಲಿ. ನೆಲಕ್ಕೆ ಜಮಖಾನ. ಚಪ್ಪಾಳೆ ತಟ್ಟಿ ನೋಡಿ, ಠಣ್ ಅನ್ನುವ ಬಾಲ ಹೋಗುವ ತನಕ ಒಂದೊಂದೇ ಸೇರಿಸಿ.

ಪ್ರಶ್ನೆ: ಮೀರಾ ರೋಡ್‌ನ ಫ್ಲ್ಯಾಟ್‌ನಲ್ಲಿ ಯಕ್ಷಗಾನದ ಚೆಂಡೆ ಅಭ್ಯಾಸ ಮಾಡಬೇಕು. ಕಡಿಮೆ ಖರ್ಚಿನಲ್ಲಿ ಏನಾದರೂ ಉಪಾಯ?

ಉತ್ತರ: ಇಲ್ಲ ಮಾರಾಯ್ರೆ. ಮಣೆಯ ಮೇಲೆ ರಬ್ಬರ್ ತುಂಡು ಅಂಟಿಸಿ ಕೋಲಿನ ಪೆಟ್ಟು ಮನೆಯಲ್ಲಿ ಕಲಿಯಿರಿ. ಚೆಂಡೆಯನ್ನು ವಾರಕ್ಕೊಮ್ಮೆ ಸಂಘದ ಹಾಲ್‌ನಲ್ಲಿ ಬಾರಿಸಿ.