ನಮ್ಮ ಪಕ್ಷದ ತಪ್ಪನ್ನು ನಾವೇ ಬಹಿರಂಗವಾಗಿ ಹೇಳಿದರೆ ಎದುರಾಳಿಗೆ ಲಾಭ ಆಗಲ್ವಾ?

ಆಗುತ್ತದೆ. ಅದನ್ನು ಮೊದಲೇ ಒಪ್ಪಿಕೊಳ್ಳೋಣ. ಆದರೂ ಹೇಳಬೇಕು ಅನ್ನುವುದು ನನ್ನ ಉತ್ತರ.

1954ರ ಒಂದು ಪ್ರಸಂಗ ನೋಡಿ. ಆಗಿನ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ (ಅದರ ಬಹುಭಾಗ ಇಂದು ಕೇರಳದಲ್ಲಿದೆ) ಪ್ರಜಾ ಸೋಷಲಿಸ್ಟ್ ಪಕ್ಷದ ಪಟ್ಟಂ ತಾಣು ಪಿಳ್ಳೆ ಮುಖ್ಯಮಂತ್ರಿ. ಬಹುಮತ ಇರಲಿಲ್ಲ, ಕಾಂಗ್ರೆಸ್ಸಿನ ಬೆಂಬಲದ ಮೇಲೆ ಸರ್ಕಾರ ನಿಂತಿತ್ತು. ದಕ್ಷಿಣದ ತಮಿಳು ತಾಲ್ಲೂಕುಗಳನ್ನು ಮದರಾಸಿಗೆ ಸೇರಿಸಿ ಅಂತ ಚಳವಳಿ ನಡೆಯುತ್ತಿತ್ತು. ಆಗಸ್ಟ್ 11ರಂದು ಅದೇ ಭಾಗದ ಮಾರ್ತಾಂಡಂ ಕಡೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಪಕ್ಷದ ಪ್ರಧಾನ ಕಾರ್ಯದರ್ಶಿ ರಾಮಮನೋಹರ ಲೋಹಿಯಾ ಆಗ ನೈನಿ ಜೈಲಿನಲ್ಲಿದ್ದರು. ಅಲ್ಲಿಂದಲೇ ತಂತಿ ಕಳಿಸಿದರು: ಸರ್ಕಾರ ರಾಜೀನಾಮೆ ಕೊಡಬೇಕು, ನ್ಯಾಯಾಂಗ ತನಿಖೆ ಆಗಬೇಕು. ಯಾರ ಸರ್ಕಾರ? ತಮ್ಮದೇ ಪಕ್ಷದ್ದು!

1951ರಲ್ಲಿ ನಮ್ಮ ಸಾಗರದ ಕಾಗೋಡಿಗೆ ಬಂದು, ಗೇಣಿದಾರರ ಪರ ನಿಂತು ಬಂಧನಕ್ಕೊಳಗಾದವರೂ ಇವರೇ. ಕಾಂಗ್ರೆಸ್ ಸರ್ಕಾರದ ಪೊಲೀಸರ ವಿರುದ್ಧ ತೆರೆದ ಬಾಯನ್ನು ತಮ್ಮವರ ಪೊಲೀಸರ ವಿಷಯ ಬಂದಾಗ ಮುಚ್ಚಿಕೊಳ್ಳಲಿಲ್ಲ.

ಅದಕ್ಕೆ ಬೆಲೆಯನ್ನೂ ತೆತ್ತರು. ಪಿಳ್ಳೆ ರಾಜೀನಾಮೆ ಕೊಡಲಿಲ್ಲ. ನವೆಂಬರಿನಲ್ಲಿ ನಾಗಪುರದ ಅಧಿವೇಶನದಲ್ಲಿ ಲೋಹಿಯಾ ವಾದ ಸೋತಿತು. ಮರುವರ್ಷ ಪಕ್ಷ ಅವರನ್ನು ಅಮಾನತು ಮಾಡಿತು, ಕೊನೆಗೆ ಪಕ್ಷವೇ ಒಡೆಯಿತು. ಒಡಕಿನ ಲಾಭ ಕಾಂಗ್ರೆಸ್ಸಿಗೆ ಹೋಯಿತು, ಅನುಮಾನವೇ ಬೇಡ. (ಒಡೆಯುವ ತನಕ ಎಳೆಯಬೇಕಿತ್ತಾ ಅನ್ನುವ ಬಗ್ಗೆ ನನಗೂ ತಕರಾರಿದೆ, ಅದು ಬೇರೆ ಮಾತು.) ಆದರೆ ಆ ತಂತಿ ಸರಿಯಾಗಿತ್ತು. ಕಾಂಗ್ರೆಸ್ ಗುಂಡು ಹಾರಿಸಿದಾಗಲೆಲ್ಲ ಬೀದಿಗಿಳಿದ ಪಕ್ಷ ತನ್ನ ಸರದಿ ಬಂದಾಗ "ಪರಿಸ್ಥಿತಿ ಹಾಗಿತ್ತು" ಅಂದರೆ, ಮುಂದೆ ಅದರ ಮಾತನ್ನು ಯಾರು ನಂಬಬೇಕು? ಸತ್ತವರ ಮನೆಯವರಿಗೆ ಸರ್ಕಾರ ಯಾವ ಪಕ್ಷದ್ದಾದರೇನು?

ನಾನೂ ಒಂದು ಪಕ್ಷಕ್ಕೇ ಓಟು ಹಾಕುತ್ತಾ ಬಂದವನು, ಹಾಗಾಗಿ ನಾನು ಮಾಡುವ ಒಂದು ಕೆಲಸ ಹೇಳುತ್ತೇನೆ. ಲಾಠಿ ಪ್ರಹಾರವೋ ಟೆಂಡರ್ ಹಗರಣವೋ ಸುದ್ದಿ ಬಂದಾಗ, ಪಕ್ಷದ ಹೆಸರು ತೆಗೆದು ಎದುರಾಳಿಯ ಹೆಸರು ಹಾಕಿ ಇನ್ನೊಮ್ಮೆ ಓದುತ್ತೇನೆ. ಆಗ ಬರುವ ಸಿಟ್ಟು ಮೊದಲ ಸಲ ಯಾಕೆ ಬರಲಿಲ್ಲ ಅಂತ ಕೇಳಿಕೊಂಡರೆ ವಿಷಯ ತಾನಾಗಿ ಗೊತ್ತಾಗುತ್ತದೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ನಮ್ಮವರದ್ದು ತಪ್ಪು ಅಂತ ಬರೆಯುವಾಗ ಅಷ್ಟಕ್ಕೇ ನಿಲ್ಲಿಸಿ. "ಅವರ ಕಾಲದಲ್ಲಿ ಆಗಿರಲಿಲ್ವಾ" ಅಂತ ಬಾಲ ಸೇರಿಸಿದಿರೋ, ನಾಳೆ ಎಲ್ಲರೂ ಆ ಬಾಲದ ಬಗ್ಗೆಯೇ ಮಾತಾಡುತ್ತಿರುತ್ತಾರೆ.